ಹದಿನಾಲ್ಕನೇ ರೀಲು

ಇಪ್ಪತ್ತಾರು ವರ್ಷದ ಮ್ಯಾಲೆ ಒಂದ ಆಟ,
ಐತವಾರ ಮುಂಜಾನೆ ಹತ್ತಕ್ಕ, ಹುಬ್ಬಳ್ಳಿ ನವರಂಜನ್ ಟಾಕೀಸಿನಾಗ.
ಬಂದಾಗ ಎಂಟ ದಿನಾನೂ ಓಡಲಾರದ ಸಿನಿಮಾ,
ಆಮ್ಯಾಲೆ ನಮ್ಮಂಥವರ ಬಾಯಾಗ ಓಡಿಕೋತ ಉಳೀತು.
ಬಾಲ್ಕನಿ ಮುಚ್ಚೇತಿ, ಅಲ್ಲೆ ಪಾರಿವಾಳ ಅದಾವು.
ಕೆಳಗ ನಾವು: ರೇಲ್ವೆ ವರ್ಕ್‌ಶಾಪಿನ ನಾಕ ಮಂದಿ ಫಿಟರು,
ಒಬ್ಬ ವಿಮಾ ಏಜೆಂಟ, ವಿದ್ಯಾನಗರದ ಕಾಲೇಜ್ ಹುಡುಗರು
(ಆವಾಗ ಹುಟ್ಟಿರಲೇ ಇಲ್ಲ ಅವು)
ಅಂವನ್ಹಂಗ ಕಾಲರ್ ಕಿತ್ತ ಅಂಗಿ ಹಾಕ್ಕೊಂಡು.
ಹೆಂಗಸೂರು ಇಬ್ಬರ. ಅದರಾಗ ಒಬ್ಬಾಕಿ ಟಿಕೆಟ್ ಹರಿಯಾಕಿ.

ಅಂವಗ ಸಿನಿಮಾದಾಗ ಹೆಸರಿಲ್ಲ.
ಮಿಲ್ಲಿನ ಕೆಲಸ ಬಿಡತಾನ, ಕಾರಣ ಹೇಳೂದಿಲ್ಲ.
ಗೆಳ್ಯಾನ ಲಗ್ನಕ್ಕ ಹೋಗಿ ಉಣ್ಣಲಾರದ ಬರತಾನ.
ಕನ್ನಡಿ ಮುಂದ ನಿಂತು ಅರ್ಧಾ ಗಡ್ಡ ಬೋಳಿಸಿ
ಹಂಗ ಊರ ತಿರಗತಾನ.
ನಾನೂ ತಿರುಗಿದ್ದೆ. ಗಣೇಶಪೇಟದಿಂದ ಹಳೇ ಹುಬ್ಬಳ್ಳಿ ತನಕ,
ಒಂದ ಗಲ್ಲ ನುಣ್ಣಗ, ಇನ್ನೊಂದರ ತುಂಬ ಸಿಟ್ಟು.
ಯಾರ ಮ್ಯಾಲೆ ಸಿಟ್ಟು ಅಂತ ಕೇಳಿದ್ರ
ಇವತ್ತಿಗೂ ನಾ ಅಡ್ರೆಸ್ ಹೇಳಲಾರೆ.

ಆ ಮಾತು ಬಂತು. ಇಡೀ ಟಾಕೀಸು ಎದ್ದು
ಅಂವಗಿಂತ ಅರ್ಧಾ ಸೆಕೆಂಡ್ ಮೊದಲ ಅಂತು:
“ನನ್ನ ಪಾಲಿನ ಬಿಸಲು ಯಾರ ತಿಂದ್ರಿ?”
ರೊಕ್ಕ ತೂರಿದ್ರು. ಯಾರದೋ ಎರಡ ರೂಪಾಯಿ
ನನ್ನ ಬಕ್ಕತಲಿಗೆ ಬಡೀತು.
ಮಗ್ಗಲಕ್ಕ ವಿಲ್ಸನ್ ಅಳಾಕತ್ತಿದ್ದ.
ಅವ ಅಳೂದು ನಾ ನೋಡಿದ್ದು ಎರಡ ಸಲ,
ಎರಡೂ ಇಲ್ಲೇ, ಇದ ಮಾತಿಗೆ.
ಅವರವ್ವನ ಮಣ್ಣಿನಾಗ ಅವನ ಬಾಜೂಕ ನಿಂತಿದ್ದೆ. ಅತ್ತಿರಲಿಲ್ಲ.

ಹನ್ನೊಂದ ಸಲ ನೋಡೇನಿ ಅಂತ ಹೇಳಿಕೋತ ಬಂದಾಂವ ನಾ.
ಹನ್ನೆರಡನೇ ಸಲ ಕಂಡ್ಲು.
ಅಂವ ಆ ಮಾತ ಆಡೂಮುಂದ, ತೆರಿ ಎಡಕ್ಕ, ಬಾಗಿಲದಾಗ
ಅವನ ತಂಗಿ. ಕೈಯಾಗ ಗಂಗಾಳ.
ಎರಡ ರೊಟ್ಟಿ, ಬದನಿಕಾಯಿ ಪಲ್ಯ ಇದ್ದೀತು, ಫೋಕಸ್ ಇಲ್ಲ.
ಅಂವ ಮಾತಾಡೇ ಆಡತಾನ, ಆಕಿ ನಿಂತ ನಿಂತಾಳ.
ಒಂದ ಸಲ ಮೈಭಾರ ಈ ಕಾಲಿನಿಂದ ಆ ಕಾಲಿಗೆ ಹಾಕತಾಳ.
ಅಷ್ಟ ಆಕಿ ಪಾರ್ಟು.

ಹದಿಮೂರನೇ ರೀಲು ಮುಗದು ಬೆಳ್ಳನ ತೆರಿ.
ಕಿಂಡ್ಯಾಗಿಂದ ನದಾಫ್ ಚಾಚಾ ತಲಿ ಹೊರಗ ಹಾಕಿ,
“ಡಬ್ಬ್ಯಾಗ ಇಷ್ಟ ಐತ್ರಿ. ಕಡೀದು ಬಂದಿಲ್ಲ.
ಗದಗದಾಗ ಉಳೀತೋ, ಇಲಿ ತಿಂದ್ವೋ.”
ಸೀಟಿ. ಬೈಗಳ. ಆಮ್ಯಾಲೆ ಯಾರೋ ಅಂದರು, ತಗೋರಿ, ನಾವ ಹೇಳೂಣು.
ವಿಮಾ ಏಜೆಂಟ ಹೊಂಬಳ ತೆರಿ ಮುಂದ ಹೋಗಿ ನಿಂತ:
ಅಂವ ಮಾಲಗಾಡಿ ಹತ್ತತಾನ, ಕೈ ಬೀಸೂದಿಲ್ಲ.
ಇಲ್ಲಲೇ, ಹಳಿ ಮ್ಯಾಲೆ ಮಲಗತಾನ, ಗಾಡಿ ಬರೂದಿಲ್ಲ.
ಮಿಲ್ಲಿಗೆ ಬೆಂಕಿ ಹಚ್ಚತಾನ, ಅಂತ ಕಾಲರಿಲ್ಲದ ಹುಡುಗ,
ಫೋನಿನಾಗ ನೋಡೇನಿ ಅಂತ ಆಣಿ ಬ್ಯಾರೆ.
ವಿಲ್ಸನ್ ಮೂಗ ಒರಸಿಕೊಂಡು ಅಂದ,
ಉಳದ ಅರ್ಧಾ ಗಡ್ಡ ಬೋಳಿಸಿಕೋತಾನ. ಮುಗೀತು.
ಅದಕ್ಕ ಎಲ್ಲಾರೂ ಅವನ್ನ ಬೈದರು.

ನಾ ಎದ್ದು ಕೇಳಿದೆ: ಗಂಗಾಳ ಏನಾತು?
ಯಾ ಗಂಗಾಳ?
ತಂಗಿ ಹಿಡದಿದ್ಲಲ್ಲ.
ಯಾ ತಂಗಿ?
“ಕಾಕಾಗ ಹಸಿವ್ಯಾಗೇತಿ” ಅಂತ ನಕ್ಕರು.

ಟಿಕೆಟ್ ಹರಿಯಾಕಿ ಕಸಬರಗಿ ಹಿಡಕೊಂಡು ಬಾಗಿಲದಾಗ ನಿಂತಿದ್ಲು,
ನಾವು ಎದ್ದ ಹೋಗೂದು ಕಾಯ್ಕೋತ.
“ಆಕೀನ ಉಂಡ್ಲು ಬಿಡ್ರಿ” ಅಂದ್ಲು.
ನೋಡೀರೇನು ಕಡೀ ರೀಲು?
“ಇಲ್ರಿ. ಎಷ್ಟೊತ್ತಂತ ಹಿಡಕೊಂಡ ನಿಲ್ಲಾಕ ಬರತೈತಿ?”

ಹೊರಗ ಸಾಡೆ ಹನ್ನೆರಡರ ಬಿಸಲು.
ಎಲ್ಲಾರ ಪಾಲಿಂದೂ ಅಲ್ಲೇ ಬಿದ್ದಿತ್ತು, ನೆತ್ತಿ ಸುಡೂವಷ್ಟು.
ವಿಲ್ಸನ್ ಗಾಡಿ ಕಿಕ್ ಹೊಡ್ಯಾಕತ್ತಿದ್ದ, ಚಾಲೂ ಆಗವಲ್ದು.
ಮುಂಡರಗಿಗೆ ನಮ್ಮ ಕಸ್ತೂರಿಗೆ ಫೋನ್ ಹಚ್ಚಿದೆ.
“ಏನಣ್ಣಾ,” ಅಂದ್ಲು ಗಾಬರಿಲೆ, “ಯಾರರ ಸತ್ತರೇನು?”
ಇಲ್ಲವಾ, ಅಂದೆ.
ಉಂಡೀ ಏನು ಅಂತ ಕೇಳಬೇಕಂತ ಹಚ್ಚಿದ್ದು.
ಸಿನಿಮಾ ಚಲೋ ಇತ್ತು, ಅಂದೆ.